ಬಾಯಮ್ಮನ ಅಗಲದ ಕಯಾಕ್

ಫ್ಲಾವಿಯಾ ಬಾಯಮ್ಮ ಬರುತ್ತಿರುವ ಸಂಗತಿ ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ಫಲ್ಗುಣಿ ನದಿಯಲ್ಲಿ, ತಣ್ಣೀರುಬಾವಿಯ ಕಡೆಯ ದಡಕ್ಕೆ, ಅವರು ಕಯಾಕ್‌ಗಳನ್ನು, ಅಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಪುಟ್ಟ ದೋಣಿಗಳನ್ನು, ಬಾಡಿಗೆಗೆ ಕೊಡುವ ತೇಲುವ ಜೆಟ್ಟಿಯೊಂದು ತಾಗಿಕೊಂಡಿದೆ. ಅದರ ಆ ತುದಿಯಲ್ಲಿ ಅವರು ಹೆಜ್ಜೆಯಿಟ್ಟರೆ ಈ ತುದಿಯಲ್ಲಿ ನಿಂತವನು ಮೃದುವಾಗಿ ಮೇಲೇಳುತ್ತಾನೆ. ಭಾರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಪ್ಪಿಸುತ್ತ, ಯಾವ ಅವಸರಕ್ಕೂ ಸೊಪ್ಪು ಹಾಕದೆ, ಜನ ತುಂಬಿದ ದೋಣಿ ದಡ ಸೇರುವಾಗಿನ ಗಾಂಭೀರ್ಯದಲ್ಲಿ ನಡೆಯುವ ಈ ಅರವತ್ತರ ಹೆಂಗಸು ತನ್ನ ದೇಹದ ಬಗ್ಗೆ ಯಾರಲ್ಲೂ ಕ್ಷಮೆ ಕೇಳಿದವರಲ್ಲ ಎಂಬುದು ಆ ನಡಿಗೆಯಲ್ಲೇ ಸ್ಪಷ್ಟ.

ನಾನಾದರೋ ದಿನವೂ ಕ್ಷಮೆ ಕೇಳುವವನು. ಬಿಜೈಯ ವಿಮಾ ಕಚೇರಿಯೊಂದರಲ್ಲಿ ಸಂಬಳಕ್ಕೆ ಕೂತಿರುವ ನಾನು, ಸಿಟಿ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಂತೂರಿನವರೆಗೆ ನಿಂತೇ ಹೋಗುತ್ತೇನೆ. ಪಕ್ಕದವರು ಪೂರ್ತಿ ಟಿಕೆಟ್ ಕೊಂಡು ಅರ್ಧ ಸೀಟಿನಲ್ಲಿ ಪ್ರಯಾಣಿಸಬೇಕಾಗುತ್ತದಲ್ಲ ಎಂಬ ಸಂಕೋಚ. ಹಿಂದೊಮ್ಮೆ ಕಚೇರಿಯವರೆಲ್ಲ ಬೇರೊಂದೂರಿಗೆ ದೋಣಿವಿಹಾರಕ್ಕೆ ಹೋದಾಗ, ಅಲ್ಲಿನವನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸರ್, ನೀವು ಬ್ಯಾಗ್ ನೋಡಿಕೊಳ್ಳಿ” ಎಂದಿದ್ದ. ಅಂದಿನಿಂದ ಪ್ರತಿ ಪ್ರವಾಸದಲ್ಲೂ ಅದು ನನ್ನ ಹುದ್ದೆ. ಕಚೇರಿಯ ಕೆಲಸ ಖಾಯಂ ಆಗುವುದಕ್ಕೆ ಮೊದಲೇ ಇದು ಖಾಯಂ ಆಗಿತ್ತು.

ಹಾಗಾಗಿ ಕಳೆದ ಡಿಸೆಂಬರಿನ ಒಂದು ಭಾನುವಾರ ಸಹೋದ್ಯೋಗಿಗಳೊಡನೆ ಬಾಯಮ್ಮನ ಜೆಟ್ಟಿಗೆ ಬಂದಾಗಲೂ ನಾನು ನೆರಳು ಹುಡುಕಿ ಬ್ಯಾಗುಗಳನ್ನು ಸಾಲಾಗಿ ಇಡತೊಡಗಿದೆ. ಒಂದು ಸಲವಾದರೂ ನೀರಿನ ನಡುವಿನಿಂದ ದಡವನ್ನು ನೋಡಬೇಕೆಂಬ ಆಸೆಯನ್ನು ಆ ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಇಟ್ಟಿದ್ದೆ.

“ಬ್ಯಾಗಿಗೆ ಕಾಲಿಲ್ಲ ಪುತಾ, ಅದು ಎಲ್ಲಿಗೂ ಹೋಗುವುದಿಲ್ಲ. ನೀನು ಬಾ,” ಎಂದರು ಬಾಯಮ್ಮ. ಹೆತ್ತ ಮಗನಿಗೆ ಹೇಳುವ ಆ ಕೊಂಕಣಿ ‘ಪುತಾ’ ಅವರ ಬಾಯಲ್ಲಿ ಬ್ಯಾಂಕ್ ಮ್ಯಾನೇಜರನಿಗೂ ಸಲ್ಲುತ್ತದೆ.

ಅವರದೊಂದು ಹಠದ ಪದ್ಧತಿ: ದೊಡ್ಡ ಮೈಯವರಿಗೆ ಮೊದಲು. ದೊಡ್ಡ ಲೈಫ್ ಜಾಕೆಟ್ ಮೊದಲ ಮೊಳೆಯಲ್ಲೇ ತೂಗುತ್ತದೆ. ಅದರ ಪಟ್ಟಿಗಳನ್ನು ದರ್ಜಿಯ ಕೈಯಲ್ಲಿ ಉದ್ದ ಮಾಡಿಸಿದ್ದಾರೆ. ಅಗಲದ ಕಯಾಕ್ ಜೆಟ್ಟಿಗೆ ತಾಗಿಯೇ ನಿಂತಿರುತ್ತದೆ. ಉಳಿದವರು ಚಪ್ಪಲಿ ಬಿಚ್ಚುವಷ್ಟರಲ್ಲಿ ನಮ್ಮಂಥವರ ಜಾಕೆಟ್ಟಿನ ಬಕಲ್ ಬಿಗಿದಾಗಿರುತ್ತದೆ. ಹತ್ತು ಜನರೆದುರು ಸೈಜು ಹುಡುಕುವ ಆ ಪ್ರಹಸನ ಅಲ್ಲಿ ನಡೆಯುವುದೇ ಇಲ್ಲ. ಕುವೈತಿನಲ್ಲಿ ಬಹುಕಾಲ ನರ್ಸ್ ಆಗಿದ್ದವರು ಅವರು. “ಗೌನಿನ ಲಾಡಿ ಕಟ್ಟಲಿಕ್ಕೆ ಸಾಲದಿದ್ದರೆ ಪೇಷಂಟಿಗೆ ಕಾಯಿಲೆಗಿಂತ ಆ ಲಾಡಿಯದ್ದೇ ನೋವು,” ಎಂದು ಆಮೇಲೊಮ್ಮೆ ಹೇಳಿದ್ದರು.

ಜಾಕೆಟ್ ಬಿಗಿಯುತ್ತ ಕಿವಿಯ ಹತ್ತಿರ, “ತೂಕ ಎಷ್ಟು?” ಎಂದರು.

“ನೂರು.”

“ಸುಳ್ಳು ಹೇಳುವುದಾದರೆ ಹೆಚ್ಚು ಮಾಡಿ ಹೇಳು ಮಾರಾಯ. ದೋಣಿಗೆ ಎಂತ ನಾಚಿಕೆ?”

ನೂರ ಹದಿನೆಂಟು ಎಂದು ಫಲ್ಗುಣಿಗೂ ಕೇಳಿಸದಂತೆ ಉಸುರಿದೆ.

ಅವರು ತೋರಿಸಿದ ಕಯಾಕ್ ಕಿರಿದಾದ ತೂತಿನೊಳಗೆ ಕಾಲು ತೂರಿಸಿ ಕೂರುವ ಬಗೆಯದಲ್ಲ. ಇಬ್ಬರು ಮೇಲೆ ಕೂರಲೆಂದು ಮಾಡಿದ, ಮಂಚದಂತಹ ಹಳದಿ ದೋಣಿ. ಎರಡೂ ಸೀಟು ತೆಗೆದು ನಟ್ಟನಡುವೆ ಒಂದೇ ಸೀಟು ಬಿಗಿದದ್ದು. ಎಷ್ಟು ತೂಕ ತಡೆಯುತ್ತದೆಂದು ಕಂಪೆನಿ ಬರೆದದ್ದನ್ನು ಅವರು ನಂಬುವುದಿಲ್ಲ. ಹೊಸ ಕಯಾಕ್ ಬಂದರೆ ಕುಚ್ಚಲಕ್ಕಿಯ ಮೂಟೆಗಳನ್ನು ಹೇರಿ, ಅಂಚು ನೀರಿನಿಂದ ಎಷ್ಟು ಮೇಲುಳಿಯಿತೆಂದು ನೋಡಿ, ಆಮೇಲೆ ಸ್ವತಃ ಏರಿ ಒಂದು ಸುತ್ತು ಹೋಗಿಬರುತ್ತಾರೆ. “ಅಕ್ಕಿ ಅಲುಗುವುದಿಲ್ಲ, ಮನುಷ್ಯ ಅಲುಗುತ್ತಾನೆ. ಅದಕ್ಕೆ ನಾನು.”

ಇನ್ನೇನು ಹೊರಡಬೇಕು ಎನ್ನುವಾಗ ಹೇಳಿದರು: “ಈಗ ಬೀಳು. ಬಿದ್ದು ಹತ್ತಲಿಕ್ಕೆ ಬಾರದವರನ್ನು ನಾನು ಆಚೆ ಬಿಡುವುದಿಲ್ಲ.”

ಎದೆಮಟ್ಟದ ನೀರು. ಬೀಳುವುದರಲ್ಲಿ ನನಗೆ ಜನ್ಮಸಿದ್ಧ ಪ್ರತಿಭೆಯಿದೆ, ಹತ್ತುವುದೇ ಕಷ್ಟ. ಕಾಂಪೌಂಡ್ ಹಾರುವವನಂತೆ ನಾನು ತೋಳೂರಿ ಎಗರಿದಷ್ಟೂ ದೋಣಿ ನಯವಾಗಿ ದೂರ ಸರಿಯಿತು. ದಡದಲ್ಲಿ ನಮ್ಮ ಕಚೇರಿಯ ಶೆರ್ವಿನ್ ಮೊಬೈಲ್ ತೆಗೆದ. “ಕ್ರೇನ್ ಬೇಕಾದೀತು ಬಾಯಮ್ಮ.”

“ಕ್ರೇನ್ ಬೇಡ. ಮೊಬೈಲ್ ಇಟ್ಟು ಬಾ, ಮುಂದಿನ ಸರದಿ ನಿನ್ನದೇ.”

ನಾನು ಮನಸ್ಸಿನಲ್ಲೇ ಬ್ಯಾಗುಗಳ ಬಳಿಗೆ ಹೊರಟಾಗಿತ್ತು. ಅಷ್ಟರಲ್ಲಿ ಬಾಯಮ್ಮ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ದೋಣಿಯ ಆಚೆ ಅಂಚನ್ನು ಹಿಡಿದುಕೊಂಡರು.

“ತೋಳಿನಲ್ಲಿ ಎತ್ತಬೇಡ. ಕಾಲು ಬಡಿ. ಹೊಟ್ಟೆ ಮೊದಲು ಬರಲಿ. ಆಮೇಲೆ ಮೈ ಮಗುಚು, ಮತ್ತೆ ಕೂತುಕೊ.”

ಪ್ರಾಯ ಬಂದಂದಿನಿಂದ ಒಳಗೆಳೆದುಕೊಂಡೇ ಬದುಕಿದ್ದ ಹೊಟ್ಟೆಯನ್ನು ಅಂದು ಮೊದಲ ಬಾರಿಗೆ ಧೈರ್ಯವಾಗಿ ಮುಂದಿಟ್ಟೆ. ಅದು ದೋಣಿಯ ಮೇಲೆ ಮೀನಿನಂತೆ ಜಾರಿ ನೆಲೆಯಾಯಿತು. ನಾನು ಅದನ್ನು ಹಿಂಬಾಲಿಸಿದೆ. ದೋಣಿ ಒಮ್ಮೆ ತೂಗಿತು, ನಿಂತಿತು. ನನ್ನ ನಂತರ ಬಿದ್ದ ಶೆರ್ವಿನ್, ಆ ಸಪೂರ ಮೈಯಲ್ಲೂ, ಎಷ್ಟೋ ಸಲ ಜಾರಿ ನೀರು ಕುಡಿದು ನನ್ನನ್ನೇ ಕೇಳಿದ: “ಹೊಟ್ಟೆಯಾ ಮೊದಲು?”

ನದಿಯ ನಡುವೆ ಹುಟ್ಟನ್ನು ತೊಡೆಯ ಮೇಲಿಟ್ಟು ತಿರುಗಿ ನೋಡಿದೆ. ನೆರಳಿನಲ್ಲಿ ಬ್ಯಾಗುಗಳು ಕಾಯುವವರಿಲ್ಲದೆ ಸುಖವಾಗಿದ್ದವು. ಜೆಟ್ಟಿಯ ಮೇಲೆ ಸೆರಗು ಹಿಂಡಿ ಮುಗಿಸಿದ್ದ ಬಾಯಮ್ಮ ನನ್ನತ್ತ ನೋಡಲೂ ಇಲ್ಲ. ದೊಡ್ಡ ಜಾಕೆಟ್‌ಗಳಲ್ಲಿ ಇನ್ನೊಂದನ್ನು ತಂದು ಮೊದಲ ಮೊಳೆಗೆ ನೇತುಹಾಕುತ್ತಿದ್ದರು.

ನಮ್ಮನ್ನು ಕಂಡು ‘ಪಾಪ’ ಎಂದು ಸರಿದು ಜಾಗ ಬಿಡುವ ಕರುಣಾಳುಗಳಿಗೆ ಲೋಕದಲ್ಲಿ ಕೊರತೆಯಿಲ್ಲ. ಅವರು ಬಿಟ್ಟ ಜಾಗದಲ್ಲಿ ಕೂತರೆ ಮೈ ಇನ್ನಷ್ಟು ಭಾರವಾಗುತ್ತದೆ. ಬಾಯಮ್ಮನ ಕುಲದವರು ಬೇರೆ. ನಾವು ಬರುವ ಮುನ್ನವೇ ನಮ್ಮ ಅಳತೆಗೆ ಜಾಗ ಮಾಡಿಟ್ಟು, ಲೋಕ ಮೊದಲಿನಿಂದಲೂ ಅಷ್ಟೇ ಅಗಲವಾಗಿತ್ತೆಂಬಂತೆ ನಡೆದುಕೊಳ್ಳುವ ಅವರಿಗೆ ಕೃತಜ್ಞತೆ ಹೇಳಲು ಹೋದರೆ, ಯಾವುದಕ್ಕೆಂದು ಅವರಿಗೆ ಅರ್ಥವೂ ಆಗುವುದಿಲ್ಲ. ಅಂಥವರು ಊರಿಗೊಬ್ಬರಿದ್ದರೆ ಸಾಕು, ನನ್ನಂಥವನೂ ಬಸ್ಸಿನಲ್ಲಿ ನಂತೂರಿನವರೆಗೆ ಕೂತುಕೊಂಡೇ ಹೋಗುತ್ತಾನೆ.