ಐದಕ್ಕೆ ಆರರ ಹಕ್ಕಿ

"ಥೇಟ್ ಅಮ್ಮ!" ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬೆಲ್ಮಾಂಟಿನ ನಮ್ಮ ಬೀದಿಯಲ್ಲಿ ಡೆಲ್ಫೀನ್ ಎಂಬ ನನ್ನ ಹೆಸರು ಯಾರಿಗೂ ಬೇಕಿಲ್ಲ. ನಾನು ಇಸ್ಮೇ ಮಗಳು, ಅಷ್ಟೇ. ಅಮ್ಮ ತನ್ನ ಕಾಲದ ಕಾರ್ನಿವಲ್ ರಾಣಿ. ಕೆಂಪು ಐಬಿಸ್ ಹಕ್ಕಿಯ ವೇಷ ತೊಟ್ಟು ಅವಳು ಕುಣಿದದ್ದನ್ನು ಜನ ಇಂದಿಗೂ ಬಾಯಿ ಚಪ್ಪರಿಸಿ ಹೇಳುತ್ತಾರೆ.

ಈ ಸಲದ ಕಾರ್ನಿವಲ್ ವೇಷಸ್ಪರ್ಧೆಗೆ ನಮ್ಮ ತಂಡದ ರಾಣಿ ನಾನು. ತಂತಿ ಬಗ್ಗಿಸಿ ವೇಷ ಕಟ್ಟುವ ಕತ್ಬರ್ಟ್ ಮಾವ, ತನ್ನ ಅಕ್ಕನ ಹಕ್ಕಿಯನ್ನೇ ಮತ್ತೆ ಕಟ್ಟುತ್ತೇನೆಂದು ಹಟ ಹಿಡಿದ. ನನ್ನನ್ನು ಯಾರು ಕೇಳುತ್ತಾರೆ!

"ನಿಮ್ಮಮ್ಮ ಐದಡಿ, ನೀನು ಆರಡಿ. ಐದಕ್ಕೆ ಆರು! ಕೊಕ್ಕು, ಕೊರಳು, ರೆಕ್ಕೆ, ಎಲ್ಲಾ ಅದೇ ಲೆಕ್ಕದಲ್ಲಿ ಹಿಗ್ಗಿಸ್ತೀನಿ ಕಣೇ. ಒಂದು ಕೋನಾನೂ ಬದಲಾಗಬಾರದು. ಬರೀ ಉದ್ದ ಎಳೆದ್ರೆ ಕೊಕ್ಕರೆ ಆಗ್ಬಿಡುತ್ತೆ."

ಹಕ್ಕಿ ಚೆಂದವೇ ಆಯಿತು, ಸುಳ್ಳು ಹೇಳಬಾರದು. ಸ್ಪರ್ಧೆಯ ದಿನ ಮಧ್ಯಾಹ್ನ ಅಂಗಳದಲ್ಲೇ ಅದನ್ನು ನನ್ನ ಸೊಂಟಕ್ಕೂ ಭುಜಕ್ಕೂ ಬಿಗಿದರು. ಹೆಜ್ಜೆ ಹಾಕುತ್ತಾ ಗೇಟಿಗೆ ಬಂದೆ. ಎರಡೂ ರೆಕ್ಕೆಗಳು ಕಂಬಗಳಿಗೆ ಬಡಿದು ನಿಂತವು.

ಮಾವ ಓಡಿ ಬಂದ. "ಹೇಗೆ ಸಾಧ್ಯ? ಇಸ್ಮೇ ಹಕ್ಕಿ ಸಲೀಸಾಗಿ ಹೋಗಿತ್ತಲ್ಲ! ಇದೂ ಅದೇ ಹಕ್ಕಿ!"

"ಅಯ್ಯೋ ಮಾವಾ! ಅಮ್ಮಂದು ಹತ್ತಡಿ ಅಗಲ, ಇದು ಹನ್ನೆರಡು. ಗೇಟು ಹನ್ನೊಂದೇ. ಹಕ್ಕಿ ಹಿಗ್ಗಿಸಿದೆ, ಗೇಟು ಹಿಗ್ಗಿಸಿದ್ಯಾ?"

ಓರೆಯಾಗಿ ನುಸುಳೋಣವೆಂದರೆ ಹಿಂದಕ್ಕೆ ಚಾಚಿದ ಉದ್ದ ಬಾಲ ಕಂಬಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಸ್ಪರ್ಧೆಯೇ ಮುಗಿಯುತ್ತಿತ್ತು. ನಮ್ಮ ತಂಡದ ಉಕ್ಕಿನ ವಾದ್ಯಗಳ ಸದ್ದು ಸ್ಪರ್ಧೆ ನಡೆಯುವ ಸವಾನಾ ಮೈದಾನದ ಕಡೆಗೆ ದೂರವಾಗುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈಯೆತ್ತುವಂತಿಲ್ಲ. ಪಕ್ಕೆಗೆ ತಂತಿ ಚುಚ್ಚುತ್ತಿತ್ತು. ಹುಟ್ಟಿದಾಗಿನಿಂದ ಈ ಪಂಜರದಲ್ಲೇ ಇದ್ದೇನೆ ಅನ್ನಿಸಿ ಅಳು ಒತ್ತರಿಸಿ ಬಂತು.

"ರೆಕ್ಕೆ ತುದಿ ಕತ್ತರಿಸು ಮಾವ, ಕೈ ಮುಗೀತೀನಿ!"

"ಕೈ ಬೇಕಾದ್ರೆ ಕತ್ತರಿಸ್ಕೋತೀನಿ, ಅದನ್ನ ಮುಟ್ಟಲ್ಲ. ಆಮೇಲೆ ಅದು ಇಸ್ಮೇ ಹಕ್ಕಿನೇ ಅಲ್ಲ."

ಅಮ್ಮ ಜಗುಲಿಯಿಂದ ಇಳಿದು ಬಂದಳು. ಮಾವನ ಸೊಂಟದಿಂದ ಕಟಿಂಗ್ ಪ್ಲೇಯರ್ ಎಳೆದುಕೊಂಡಳು.

"ಅಕ್ಕಾ, ಬೇಡ! ನಿನ್ನ ಹಕ್ಕಿ ಅದು!"

"ನನ್ನ ಹಕ್ಕಿ ಯಾವತ್ತೋ ಹೋಯ್ತು ಕತ್ಬರ್ಟ್. ಇದರೊಳಗಿರೋದು ನನ್ನ ಮಗಳು. ದಾರಿ ಬಿಡು."

ಅಮ್ಮ ಕುರ್ಚಿ ಹತ್ತಿ ಬಲರೆಕ್ಕೆಯ ತುದಿ ಕತ್ತರಿಸಿದಳು, ಆಮೇಲೆ ಎಡರೆಕ್ಕೆಯದು. ಕೆಂಪು ಗರಿಗಳು ಅವಳ ತಲೆಯ ಮೇಲೆಲ್ಲ ಉದುರಿದವು. ಮಾವ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

ಕಂಬಗಳ ನಡುವೆ ಹಾದು ಬೀದಿಗಿಳಿದೆ. ಮೂಲೆಯಲ್ಲಿ ಮೌಬಿ ಪಾನಕ ಮಾರುವ ಮುದುಕ ಕಣ್ಣು ಕಿರಿದಾಗಿಸಿ ನೋಡಿದ. "ಇಸ್ಮೇ ಹಕ್ಕಿ ಹೀಗಿರಲಿಲ್ವಲ್ಲ! ಯಾರಮ್ಮ ನೀನು?"

"ಡೆಲ್ಫೀನ್!" ಎಂದು ಕೂಗಿ ಹೇಳಿ ಮೈದಾನದ ಕಡೆ ಓಡಿದೆ.