ಬೆಳವ ಕೂಗಿದ ಹದಿನೆಂಟು ದಿನ

ಮೂರು ದೇಶದವರು ಸೇರಿ ಜಾವಾದ ವಿಮಾನ ನಿಲ್ದಾಣದ ಪಕ್ಕದ ಹಳ್ಳಿ ಶಾಲೆಯ ಅಂಗಳದಲ್ಲಿ ಕಂಬ ನೆಟ್ಟು, ತುದಿಗೆ ಮೈಕು ಕೂರಿಸಿ ಹೋದ ಮೇಲೆ ಅದರ ಕಾವಲು ಸರ್ಜಿಮನ್ ಅಜ್ಜನ ಪಾಲಿಗೆ ಬಂತು. ಹದಿನೆಂಟು ದಿನ ಅದು ವಿಮಾನಗಳ ಸದ್ದನ್ನು ಹಿಡಿದಿಡುತ್ತದೆ. ಆಮೇಲೆ ಜಪಾನಿನಲ್ಲೂ ಹಾಲೆಂಡಿನಲ್ಲೂ ಕೂತವರು ಲೆಕ್ಕ ಹಾಕಿ ಸದ್ದು ಮಿತಿಮೀರಿದ ಜಾಗದ ಸುತ್ತ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಶಾಲೆ ಆ ಗೆರೆಯೊಳಗೆ ಬಿದ್ದರೆ ಸರಕಾರ ಬೇರೆ ಕಡೆ ಹೊಸದು ಕಟ್ಟಿಕೊಡುತ್ತದೆ. ಅಜ್ಜನಿಗೆ ಬೇಕಿದ್ದದ್ದು ಅಷ್ಟೇ. ತಲೆಮಾರುಗಳಿಂದ ಪದ್ಯವನ್ನು ಹಾಡಿ ಓದಿಕೊಂಡು ಬಂದ ಮನೆ ಅವನದು. ಮೂರನೇ ತರಗತಿಯ ಮೊಮ್ಮಗಳು ರುಮಿನಿಗೆ ಮಾತ್ರ ಒಂದು ಸಾಲನ್ನೂ ತಡವರಿಸದೆ ಓದಲು ಬರುತ್ತಿರಲಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ ತಲೆಯ ಮೇಲೆ ವಿಮಾನ, ನಾಲ್ಕು ನಿಮಿಷಕ್ಕೊಮ್ಮೆ ಪಾಠಕ್ಕೆ ವಿರಾಮ.

ಹತ್ತೊಂಬತ್ತನೆಯ ದಿನ ಕಂಬ ಕೀಳಿಸಲು ಬಂದ ತಂಡದ ಎಂಜಿನಿಯರು ವಿದೋವತಿ, ಜಾವಾದವಳೇ, ತಲೆಯೆತ್ತಿ ನೋಡಿ ನಿಂತುಬಿಟ್ಟಳು. ರಾಟೆ, ಹಗ್ಗ, ಮೈಕಿನ ಮಗ್ಗುಲಲ್ಲಿ ಬಿದಿರಿನ ಪಂಜರ.

"ಪಾಕ್, ಇದೇನಿದು?" ಹಿರಿಯರನ್ನು ಅಪ್ಪಾ ಎಂದು ಕರೆಯುವ ಹಾಗೆ ಕೇಳಿದಳು.

"ನನ್ನ ಬೆಳವ, ಬು!" ಅಮ್ಮಾ ಎನ್ನುವಂತೆ ಹೇಳಿದ ಅಜ್ಜ. "ಎತ್ತರಕ್ಕೇರಿಸಿದ್ರೇನೇ ಅದು ಬಾಯಿ ಬಿಡೋದು. ಇಷ್ಟುದ್ದದ ಕಂಬ ಊರಲ್ಲಿ ಯಾರ ಹತ್ರ ಇದೆ ಹೇಳಿ? ಸರಕಾರಿ ಕಂಬ ಹತ್ತಿದ್ಮೇಲೆ ನಿನ್ನ ಹಕ್ಕಿಗೆ ಸೊಕ್ಕು ಬಂತು ಅಂತಾರೆ ಎಲ್ರೂ."

"ಯಾವತ್ತಿಂದ ಕಟ್ಟಿದ್ದೀರಿ?"

"ನೆಟ್ಟ ದಿನದಿಂದ್ಲೇ. ಮೈಕಿಗೆ ಕೈ ಸೋಕಿಸಿಲ್ಲ ಮತ್ತೆ! ಗೇಣು ಜಾಗ ಬಿಟ್ಟಿದ್ದೀನಿ."

ವಿದೋವತಿ ಕಂಬಕ್ಕೆ ಒರಗಿದಳು. "ಅಷ್ಟು ಹತ್ರ ಕೂಗಿದ್ರೆ ಮೈಕಿಗೆ ಅದು ವಿಮಾನಕ್ಕಿಂತ ಜೋರು, ಪಾಕ್. ಬೇರೆ ಸದ್ದು ಬೆರೆತದ್ದನ್ನ ತೆಗೆದುಹಾಕ್ಬೇಕು ಅಂತ ಮೂರೂ ದೇಶದವರ ಕರಾರು. ಎಲ್ಲಾ ದಿನವೂ ಹೋಯ್ತು."

"ಹಾಗಿದ್ರೆ ಇನ್ನೊಂದ್ಸಲ ಅಳೀರಿ. ಹಕ್ಕೀನ ಈಗ್ಲೇ ಇಳಿಸ್ತೀನಿ."

"ಅಳೆಯೋ ಯಂತ್ರದ ಪೆಟ್ಟಿಗೆ ನಾಳೆ ವಾಪಸ್ ಹಡಗು ಹತ್ತುತ್ತೆ. ಇನ್ನು ಬರೀ ಕಂಪ್ಯೂಟರಿನ ಲೆಕ್ಕದ ಮೇಲೇ ಗೆರೆ."

"ಆ ಲೆಕ್ಕದಲ್ಲಿ ನಮ್ಮ ಶಾಲೆ ಎಲ್ಲಿದೆ?"

"ಹೊರಗಿದೆ, ಪಾಕ್. ಎರಡು ಗದ್ದೆ ಆಚೆಗೇ ಗೆರೆ ನಿಂತುಬಿಡ್ತು."

"ತಪ್ಪು ಮುದುಕಂದು, ಮಕ್ಕಳದಲ್ಲ ಅಂತ ಬರೀರಿ, ಬು."

"ಅದನ್ನ ಬರೆಯೋಕೆ ಜಾಗ ಇಲ್ಲ."

ಅಜ್ಜ ತರಗತಿಯ ಬಾಗಿಲಿಗೆ ಹೋಗಿ ಟೀಚರಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಆಕೆ ಕುರ್ಚಿ ಎಳೆದು ಕೊಟ್ಟಳು. "ಕೂತ್ಕೊಳ್ಳಿ ಪಾಕ್. ಬಿಸಿಲಲ್ಲಿ ನಿಂತಿದ್ರಿ," ಎಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ಸಂಜೆ ಊರಿನವರೂ ಹಾಗೆಯೇ ಚಹಾ ಕೊಟ್ಟರು, ಕಾಲುನೋವು ವಿಚಾರಿಸಿದರು. ಯಾರೊಬ್ಬರೂ ಬೈಯಲಿಲ್ಲ. ಬೈದಿದ್ದರೆ, ಕ್ಷಮಿಸಿ ಎಂದು ಕೇಳಲಾದರೂ ಒಂದು ದಾರಿ ಇರುತ್ತಿತ್ತು.