ತಿರುಪು ಮುಟ್ಟಬೇಡ

ಜೋತುಬಿದ್ದ ಚಪ್ಪರ ಕಂಡರೆ ಓರಿನ್ ಹೌಗನ್‌ಗೆ ಮೈ ಉರಿಯುತ್ತಿತ್ತು. ಗಾಲಿಯ ಮೇಲಿನ ಮನೆಯಂಥ ಟ್ರೇಲರಿನ ಪಕ್ಕದಿಂದ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ ಬಿಗಿಯಾಗಿ ನಿಂತಿಲ್ಲವೆಂದರೆ ಆ ಟ್ರೇಲರಿನ ಗಂಡಸು ಮುಖ ಕ್ಷೌರ ಮಾಡಿಕೊಳ್ಳುವುದನ್ನೂ ಬಿಟ್ಟಿದ್ದಾನೆ ಎಂದೇ ಅವನ ಎಣಿಕೆ. ಮಿನೆಸೋಟದಲ್ಲಿ ನಲವತ್ತು ವರ್ಷ ಧಾನ್ಯದ ಗೋದಾಮಿನ ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತನಾದ ಆಸಾಮಿ. ಊರಲ್ಲಿ ಹಿಮ ಬೀಳಲು ಶುರುವಾದರೆ ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸಿ, ಹೆಂಡತಿ ಲವಾನ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅರಿಜೋನಾದ ಮರುಭೂಮಿಯಲ್ಲಿದ್ದ ಒಂದು ಟ್ರೇಲರ್ ಬಿಡಾರಕ್ಕೆ ಬಂದುಬಿಡುತ್ತಿದ್ದ. ಮಾರ್ಚ್ ಕಳೆಯುವವರೆಗೂ ಅಲ್ಲೇ ವಾಸ.

ಬಿಡಾರದಲ್ಲಿ ನೂರೈವತ್ತು ಟ್ರೇಲರುಗಳು. ಯಾರ ಚಪ್ಪರ ಹೊಟ್ಟೆ ಬಿಟ್ಟರೂ ಓರಿನ್‌ನನ್ನೇ ಕರೆಯುತ್ತಿದ್ದರು. ಅವನು ಬಂದವನೇ ಸೊಂಟಕ್ಕೆ ಕೈಯಿಟ್ಟು ಒಂದು ಗಳಿಗೆ ನೋಡಿ, ಬಟ್ಟೆ ಸುತ್ತಿಕೊಳ್ಳುವ ಉರುಳೆಯ ಸ್ಪ್ರಿಂಗಿಗೆ ಎರಡು ಸುತ್ತು ಬಿಗಿ ಕೊಡುತ್ತಿದ್ದ. ಚಪ್ಪರವನ್ನು ಎತ್ತಿ ಹಿಡಿಯುವ ಎರಡು ಲೋಹದ ತೋಳುಗಳನ್ನು ಹೊರಕ್ಕೆ ನೂಕಿ ಬಟ್ಟೆಯನ್ನು ತಮಟೆಯಂತೆ ಬಿಗಿಯಾಗಿ ಎಳೆಯುತ್ತಿದ್ದ. ನಡುವೆ ಬಾಗಿದ ಕೋಲೊಂದನ್ನು ಒತ್ತಿ ನಿಲ್ಲಿಸಿ ಬಟ್ಟೆಯ ಬೆನ್ನು ಎತ್ತರಿಸುತ್ತಿದ್ದ. ಕೊನೆಗೆ ಒಂದು ಮೂಲೆಯನ್ನು ಮೊಳದಷ್ಟು ತಗ್ಗಿಸಿ, ಆ ತೋಳಿನ ತಿರುಪನ್ನು ಬಿಗಿಮಾಡಿ, ನೀರು ಹರಿಯಲು ದಾರಿ ಬಿಡದ ಮೇಲೆ ಚಪ್ಪರ ಯಾಕೆ ಕಟ್ಟಬೇಕೆಂದು ಮನೆಯವನಿಗೆ ಎಲ್ಲರೆದುರಿಗೇ ಬುದ್ಧಿ ಹೇಳುತ್ತಿದ್ದ. ಕೆಲಸ ಚೊಕ್ಕ, ಬಾಯಿ ಮಾತ್ರ ಖಾರ. ಜನ ಕಾಫಿ ಕೊಟ್ಟು ಸಹಿಸಿಕೊಳ್ಳುತ್ತಿದ್ದರು.

ಸಹಿಸಿಕೊಂಡವರಲ್ಲಿ ಮೊದಲನೆಯವಳು ಲವಾನ್. ಬಿಡಾರಕ್ಕೆ ಬಂದ ಮೊದಲ ವರ್ಷವೇ ಒಂದು ದಿನ ಮೋಡ ಕಂಡು ಅವಳೇ ಮೂಲೆ ತಗ್ಗಿಸಲು ಹೋಗಿದ್ದಳು. ತಿರುಪು ಪೂರ್ತಿ ಸಡಿಲಾಗಿ ತೋಳು ಜಾರಿ ಬಟ್ಟೆಯಲ್ಲಿ ಗೇಣುದ್ದ ಸೀಳು ಬಿತ್ತು. ಓರಿನ್ ಅದನ್ನು ಆ ಸಂಜೆಯೂ ಹೇಳಿದ, ಮರುದಿನ ಇಸ್ಪೀಟಿನ ಮೇಜಿನಲ್ಲೂ ಹೇಳಿದ, ಆಮೇಲೆ ಹನ್ನೊಂದು ಚಳಿಗಾಲ ನಗೆಚಾಟಿಕೆಯಾಗಿ ಹೇಳುತ್ತಲೇ ಬಂದ. ಲವಾನ್ ಜನರ ಜೊತೆ ತಾನೂ ನಗುತ್ತಿದ್ದಳು. ತಿರುಪನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ಎದುರು ಜಾಗ ನೆಬ್ರಾಸ್ಕದ ಡೆಲ್ ಪ್ರೂಯಿಟ್ ಮತ್ತು ಅವನ ಹೆಂಡತಿ ನಡೀನ್‌ರದು. ಎರಡು ಟ್ರೇಲರುಗಳ ಬಾಗಿಲುಗಳೂ ಎದುರುಬದುರು, ಚಪ್ಪರಗಳೂ ಎದುರುಬದುರು. ನಡುವೆ ನಾಲ್ಕು ಕುರ್ಚಿ, ಒಂದು ಒಲೆ. ಡೆಲ್ ಹೆಚ್ಚು ಮಾತಿನವನಲ್ಲ. ಓರಿನ್ ಹೇಳುವುದನ್ನು ಕೇಳಿಕೊಂಡು ಪೈಪ್ ಸೇದುತ್ತ ಕೂರುತ್ತಿದ್ದ. ಅವನಿಗಿಂತ ಒಳ್ಳೆಯ ಸ್ನೇಹಿತ ತನಗಿಲ್ಲವೆಂದು ಓರಿನ್ ಎಲ್ಲರಿಗೂ ಹೇಳುತ್ತಿದ್ದ.

ಹನ್ನೆರಡನೆಯ ವರ್ಷದ ಜನವರಿಯಲ್ಲಿ ಒಂದು ಮಂಗಳವಾರ, ಕಿವಿಯ ಯಂತ್ರ ಸರಿಮಾಡಿಸಿಕೊಳ್ಳಲು ಓರಿನ್ ಪಟ್ಟಣಕ್ಕೆ ಹೊರಟ. ಬೆಳಗ್ಗೆ ಲವಾನ್‌ಳ ಹೊಲಿಗೆಯ ಗೆಳತಿಯರು ಬರುವವರಿದ್ದರು. ತಗ್ಗಿದ ಮೂಲೆ ತಲೆಗೆ ತಾಗುತ್ತದೆಂದು ಅವಳು ಅಂದಿದ್ದಕ್ಕೆ ಅವನು ಗೊಣಗುತ್ತಲೇ ಎರಡೂ ತೋಳುಗಳನ್ನು ಸಮಕ್ಕೆ ಏರಿಸಿದ. ಬಂದ ಮೇಲೆ ತಾನೇ ಇಳಿಸುವುದಾಗಿಯೂ ಅವಳು ಕೈ ಹಾಕಬಾರದೆಂದೂ ಹೇಳಿದ. ಪಿಕಪ್ ಹತ್ತುವಾಗ ಡೆಲ್‌ಗೂ ಒಂದು ಮಾತು ಹಾಕಿದ: ಮಳೆ ಗಿಳೆ ಬಂದರೆ ಚಪ್ಪರದ ಕಡೆ ಒಂದು ಕಣ್ಣಿರಲಿ.

ಮಧ್ಯಾಹ್ನ ಮೂರಕ್ಕೆ ಮಳೆ ಬಂತು. ಮರುಭೂಮಿಯ ಮಳೆ ಬಂದರೆ ಬಕೆಟ್ಟಿನಿಂದ ಸುರಿದ ಹಾಗೆ. ಸಮವಾಗಿದ್ದ ಬಟ್ಟೆಯ ನಡುವೆ ನೀರು ನಿಂತು, ಬಟ್ಟೆ ಬಸುರಿಯ ಹೊಟ್ಟೆಯಂತೆ ಇಳಿಬಿತ್ತು. ಲವಾನ್ ಪೊರಕೆ ಹಿಡಿದು ಕೆಳಗೆ ನಿಂತು ಆ ನೀರನ್ನು ಮೇಲಕ್ಕೆ ತಳ್ಳಹೋದಳು. ನೀರೆಲ್ಲ ಒಂದೇ ಬದಿಗೆ ನುಗ್ಗಿ, ತೋಳು ಮಡಚಿಕೊಂಡು, ಉರುಳೆ ಸಮೇತ ಇಡೀ ಚಪ್ಪರ ಅವಳ ಮೇಲೆ ಕಳಚಿಬಿತ್ತು. ಸೊಂಟದ ಮೂಳೆ ಮುರಿಯಿತು. ಹಾಸಿಗೆ ಹಿಡಿದವಳಿಗೆ ಶ್ವಾಸಕೋಶದಲ್ಲಿ ನೀರು ತುಂಬಿ, ಹತ್ತೊಂಬತ್ತನೆಯ ದಿನ ಪ್ರಾಣ ಹೋಯಿತು. ಎಪ್ಪತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು.

ಅಂದು ಆಸ್ಪತ್ರೆಯ ಪಡಸಾಲೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಡೆಲ್‌ನ ಹತ್ತಿರ ಓರಿನ್ ಹೋದ.

"ಒಂದು ತಿರುಪು ಕಣೋ. ಒಂದೇ ಒಂದು ತಿರುಪು ತಿರುಗಿಸು ಅಂತ ನಿನಗೆ ಹೇಳಿ ಹೋಗಿದ್ದೆ."

ಡೆಲ್ ಅವನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

ಆ ಮೌನವೇ ಸಾಕಾಯಿತು. ಮಿನೆಸೋಟಕ್ಕೆ ಹೊರಡುವ ಮುನ್ನ ಓರಿನ್ ಬಿಡಾರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಡೆಲ್‌ಗೆ ಹೇಳಿ ಹೋಗಿದ್ದೆ, ಅವನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ, ಟಿವಿಯಲ್ಲಿ ಆಟ ನೋಡುತ್ತ ಕೂತಿದ್ದ. ಆಟದ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅದು ತಾನಾಗಿ ಸೇರಿಕೊಂಡಿತು, ಆಮೇಲೆ ಅವನೇ ಅದನ್ನು ನಂಬಿದ.

ಮುಂದಿನ ಡಿಸೆಂಬರಿನಲ್ಲಿ ಅವನೊಬ್ಬನೇ ಬಂದ. ಮಗಳು ಬೇಡವೆಂದಳು, ಕೇಳಲಿಲ್ಲ. ಪ್ರೂಯಿಟ್ ದಂಪತಿಯೂ ಬಂದಿದ್ದರು, ಅದೇ ಜಾಗಕ್ಕೆ. ಓರಿನ್ ಟ್ರೇಲರನ್ನು ತಿರುಗಿಸಿ ನಿಲ್ಲಿಸಿದ. ಈಗ ಅವನ ಬೆನ್ನು ಅವರ ಕಡೆ, ಬಾಗಿಲು ಕಸದ ತೊಟ್ಟಿಗಳ ಕಡೆ. ಗುರುವಾರದ ಸಾಮೂಹಿಕ ಊಟಕ್ಕೆ ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವುದು ಬಿಡಾರದ ವಾಡಿಕೆ. ನಡೀನ್ ತಂದ ಬೀನ್ಸ್ ಪಾತ್ರೆ ತುಂಬಿದ್ದು ತುಂಬಿದ ಹಾಗೇ ವಾಪಸು ಹೋಗುತ್ತಿತ್ತು. ಅವರ ಮೇಜಿನಲ್ಲಿ ಅವರಿಬ್ಬರೇ. ಅದನ್ನು ದೂರದಿಂದ ನೋಡಿ ಓರಿನ್‌ಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಆ ತಂಪು ಟ್ರೇಲರಿಗೆ ಮರಳುವವರೆಗೂ ಉಳಿಯುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ನಡೀನ್ ಅವನ ಬಾಗಿಲು ತಟ್ಟಿದಳು. ಡೆಲ್‌ಗೆ ಭುಜದ ಆಪರೇಷನ್ ಆಗಿ ತೋಳು ಜೋಲಿಯಲ್ಲಿತ್ತು. ಅವರ ಚಪ್ಪರದ ಸ್ಪ್ರಿಂಗ್ ಸತ್ತು ಬಟ್ಟೆ ಜೋತಿತ್ತು. ಬಿಚ್ಚಿದ್ದು ಮತ್ತೆ ಸುತ್ತಿಕೊಳ್ಳುತ್ತಿರಲಿಲ್ಲ. ಸಂಜೆಗೆ ಗಾಳಿಮಳೆ ಎಂದು ರೇಡಿಯೋ ಹೇಳುತ್ತಿತ್ತು. ಬಿಡಾರದಲ್ಲಿ ಮೂರು ಜನರನ್ನು ಕೇಳಿದಳಂತೆ, ಮೂವರಿಗೂ ಕೆಲಸವಿತ್ತಂತೆ. ಅದನ್ನೆಲ್ಲ ಮೆಟ್ಟಿಲ ಕೆಳಗೆ ನಿಂತೇ ಹೇಳಿದಳು.

ಓರಿನ್ ಮೇಲಿಂದ ಅವಳನ್ನು ನೋಡಿದ.

"ಯಾಕೆ, ಮನೇಲಿ ಪೊರಕೆ ಇಲ್ವಾ?"

ನಡೀನ್‌ಳ ಮುಖ ಬಿಳಿಚಿತು. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಈ ಮಾತು ಆಡಿದೆಯಲ್ಲ ಓರಿನ್, ಈಗ ಕೇಳು. ಡೆಲ್ ಹೇಳಬೇಡ ಅಂದಿದ್ದ, ಒಂದು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಅವತ್ತು ಅವನು ಬಂದಿದ್ದ. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ತಿರುಪಿನ ಮೇಲೆ ಕೈ ಇಟ್ಟಿದ್ದ. ನಾನು ಬಾಗಿಲಲ್ಲೇ ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೀನಿ. ಲವಾನ್ ಅವನ ಕೈ ಹಿಡಿದು ಎಳೆದಳು. 'ಬೇಡ ಡೆಲ್, ಮುಟ್ಟಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವನು ಬೇಸಿಗೆವರೆಗೂ ಅದನ್ನೇ ಹೇಳ್ತಾನೆ. ನಾನೇ ನೀರು ತಳ್ಳಿಬಿಡ್ತೀನಿ, ನೀನು ಒಳಗೆ ಹೋಗು' ಅಂದಳು."

ಓರಿನ್ ಒಂದು ಮೆಟ್ಟಿಲು ಇಳಿದ.

"ಸುಳ್ಳು ಹೇಳ್ತಿದ್ದೀಯ."

"ಆಸ್ಪತ್ರೇಲಿ ಹೇಳೋಣ ಅಂದೆ. ಡೆಲ್ ಏನಂದ ಗೊತ್ತಾ? 'ಅವನಿಗೆ ಯಾರನ್ನಾದ್ರೂ ಬೈಬೇಕು ನಡೀನ್. ನನ್ನನ್ನೇ ಬೈಯಲಿ. ಇಲ್ಲಾಂದ್ರೆ ಅವನು ಬದುಕಲ್ಲ' ಅಂದ. ನೀನೇನೋ ಚೆನ್ನಾಗೇ ಬದುಕಿದ್ದೀಯ."

ಅವಳು ತಿರುಗಿ ಹೊರಟಳು.

ಸುಳ್ಳಲ್ಲವೆಂದು ಓರಿನ್‌ಗೆ ಆಗಲೇ ಗೊತ್ತಾಗಿತ್ತು. ಆ ಮಾತುಗಳಲ್ಲಿ ಲವಾನ್‌ಳ ದನಿ ಇತ್ತು. ಬೇಸಿಗೆವರೆಗೂ ಅದನ್ನೇ ಹೇಳ್ತಾನೆ! ಅವನ ಎದುರಿಗೆ ಅವಳು ಎಂದೂ ಹಾಗೆ ಅಂದವಳಲ್ಲ. ಬೆನ್ನ ಹಿಂದೆ ಎಷ್ಟು ಜನರ ಹತ್ತಿರ ಅಂದಿದ್ದಳೋ. ಹನ್ನೊಂದು ಚಳಿಗಾಲ ಇಸ್ಪೀಟಿನ ಮೇಜಿನಲ್ಲಿ ಅವಳು ನಕ್ಕ ನಗು ಎಂಥದೆಂದು ಅವನು ಈಗ ಮೊದಲ ಬಾರಿ ಯೋಚಿಸಿದ. ಹೆಚ್ಚು ಹೊತ್ತು ಯೋಚಿಸಲಾಗದೆ ಸಲಕರಣೆಯ ಪೆಟ್ಟಿಗೆ ತೆಗೆದುಕೊಂಡು ಹೊರಬಿದ್ದ.

ಡೆಲ್ ತನ್ನ ಮೆಟ್ಟಿಲ ಮೇಲೆ ಕೂತಿದ್ದ. ಓರಿನ್ ಅವನ ಕಡೆ ನೋಡದೆ ಕೆಲಸಕ್ಕೆ ಇಳಿದ. ಸತ್ತ ಸ್ಪ್ರಿಂಗಿಗೆ ಬಿಗಿ ಬರಲಿಲ್ಲ. ತೋಳುಗಳನ್ನೇ ಹೊರಕ್ಕೆ ನೂಕಿ ಕಚ್ಚಿಸಿ ಬಟ್ಟೆ ಎಳೆದ. ತಾನು ಹೊಸದಾಗಿ ಹಾಕಿಸಿದ್ದ ಚಪ್ಪರದ ನಡುಗೋಲನ್ನೇ ಬಿಚ್ಚಿ ತಂದು ಇಲ್ಲಿ ಒತ್ತಿ ನಿಲ್ಲಿಸಿದ. ಗಟ್ಟಿ ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಪಟ್ಟಿ ಬಿಗಿದ. ಗಾಳಿ ಆಗಲೇ ಎದ್ದಿತ್ತು, ಮರಳು ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಮೂಲೆ ತಗ್ಗಿಸಿ ತಿರುಪು ಬಿಗಿಮಾಡಿದ.

"ನಡೀನ್ ಹೇಳಿದ್ದು ಹೌದಾ ಡೆಲ್?" ಎಂದ, ಬೆನ್ನು ತಿರುಗಿಸಿಕೊಂಡೇ.

"ಅವಳು ಹೇಳಬಾರದಿತ್ತು."

"ಗುರುವಾರ ಊಟದಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ. ನಿಂದೇನೂ ತಪ್ಪಿಲ್ಲ ಅಂತ."

"ತಪ್ಪು ಯಾರದು ಅಂತ ಕೇಳ್ತಾರೆ," ಅಂದ ಡೆಲ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಏನಂತೀಯ?"

ಓರಿನ್ ಪೆಟ್ಟಿಗೆ ಮುಚ್ಚಿದ. ಆ ಸಂಜೆ ಹೊಡೆದ ಮಳೆಗೆ ಬಿಡಾರದಲ್ಲಿ ನಾಲ್ಕು ಚಪ್ಪರಗಳು ಹರಿದವು. ಡೆಲ್‌ನದು ನಿಂತಿತು.

ಗುರುವಾರ ಅವನು ನಿಜವಾಗಿಯೂ ಹೇಳಬೇಕೆಂದೇ ಹೋದ. ಬೆಳಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದ. ತಟ್ಟೆಗೆ ಬಡಿಸಿಕೊಂಡು, ನಡೀನ್‌ಳ ಬೀನ್ಸನ್ನೂ ಎರಡು ಸೌಟು ಹಾಕಿಕೊಂಡು, ಪ್ರೂಯಿಟ್‌ಗಳ ಮೇಜಿಗೆ ಹೋಗಿ ಡೆಲ್‌ನ ಎದುರು ಕೂತ. ಊಟದ ಹಜಾರದಲ್ಲಿ ಮಾತು ತಟ್ಟನೆ ಇಳಿಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವನು ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಹೊಲಿಗೆಯ ಗುಂಪಿನ ಹಿರಿಯಳಾದ ಗ್ಲೆಂಡಾ ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಕಣ್ಣಲ್ಲಿ ನೀರಿತ್ತು.

"ಕ್ಷಮಿಸೋಕೂ ಎದೆ ಬೇಕು ಓರಿನ್. ಅವರ ಚಪ್ಪರ ನೀನೇ ಹೋಗಿ ಕಟ್ಟಿಕೊಟ್ಟೆಯಂತೆ. ಲವಾನ್ ಇದ್ದಿದ್ದರೆ ನಿನ್ನನ್ನು ನೋಡಿ ಎಷ್ಟು ಹೆಮ್ಮೆಪಡ್ತಿದ್ದಳು."

ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಇನ್ನೂ ಕೆಲವರು ತಟ್ಟಿದರು. ಓರಿನ್ ಒಮ್ಮೆ ಸುತ್ತ ನೋಡಿದ. ಆಮೇಲೆ, ತನಗೇ ಗುರುತು ಸಿಗದ ದನಿಯಲ್ಲಿ, "ಹಳೇ ಸ್ನೇಹ ಅಲ್ವಾ" ಅಂದ.

ನಡೀನ್ ಎದ್ದಳು. ಅರ್ಧ ಉಂಡ ತಟ್ಟೆಯನ್ನೂ ಬೀನ್ಸ್ ಪಾತ್ರೆಯನ್ನೂ ಎತ್ತಿಕೊಂಡು, ಯಾರನ್ನೂ ನೋಡದೆ ಹಜಾರದಿಂದ ಹೊರಗೆ ನಡೆದಳು. ಪಾಪ, ಅವಳಿಗೆ ನಾಚಿಕೆಯಾಗಿರಬೇಕು ಎಂದಳು ಗ್ಲೆಂಡಾ. ಡೆಲ್ ಏಳಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು, ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ನಿಧಾನವಾಗಿ ತಿಂದು ಮುಗಿಸಿದ. ಓರಿನ್ ಎದುರಿಗೆ ಕೂತು ಅವನು ತಿನ್ನುವುದನ್ನೇ ನೋಡಿದ. ಒಮ್ಮೆಯಾದರೂ ಅವನು ತಲೆ ಎತ್ತಿದರೆ ಹೇಳಿಬಿಡುತ್ತೇನೆ ಅಂದುಕೊಂಡ. ಡೆಲ್ ಎತ್ತಲಿಲ್ಲ.

ವಾರ ಕಳೆಯುವುದರೊಳಗೆ ಪ್ರೂಯಿಟ್‌ಗಳು ಟ್ರೇಲರ್ ಸಿಕ್ಕಿಸಿಕೊಂಡು ಹೊರಟುಹೋದರು. ಮರುವರ್ಷ ಆ ಜಾಗಕ್ಕೆ ಕೆನಡಾದ ಒಂದು ಜೋಡಿ ಬಂತು. ಹೊಸಬರಿಗೆ ಬಿಡಾರದವರು ಓರಿನ್‌ನ ಪರಿಚಯ ಮಾಡಿಕೊಡುವಾಗ, ಇವನಂಥ ದೊಡ್ಡ ಮನಸ್ಸಿನವನು ಎಲ್ಲೂ ಸಿಗಲಾರ ಎಂದು, ಡೆಲ್‌ನನ್ನು ಕ್ಷಮಿಸಿದ ಇಡೀ ಕತೆ ಹೇಳುತ್ತಿದ್ದರು. ಅವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.